ಹಾಲಿನ ಡಿಪೋಗೂ ಪಂಚಾಯತ್‌ಗೂ ಸಂಬಂಧ ಉಂಟು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮೂರಿನ ಗ್ರಾಮಸಭೆಯಲ್ಲಿ ಒಂದು ಮಾತು ಕೇಳಿದೆ. ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಆದಷ್ಟು ಕತ್ತರಿಸದೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಹಾಲು ಉತ್ಪಾದಕರ ಸಹಕಾರಿ ಸಂಘ ಈಗ ಇರುವುದು ಬಾಡಿಗೆ ಕೋಣೆಯಲ್ಲಿ. ಕೋಣೆಯ ಮಾಲೀಕರು ಒಳ್ಳೆಯವರು. ಇಷ್ಟು ವರ್ಷ ಕಡಿಮೆ ಬಾಡಿಗೆಗೆ ಕೊಟ್ಟರು. ಈಗ ಅವರ ಮಗ ಅಲ್ಲಿ ಮನೆ ಕಟ್ಟುತ್ತಾನೆ, ಕೋಣೆ ಬಿಡಬೇಕು. ಪಂಚಾಯತ್ ಕಚೇರಿಯ ಹಿಂದೆ, ನೀರಿನ ಟ್ಯಾಂಕಿಯ ಪಕ್ಕ ಸರ್ಕಾರಿ ಜಾಗ ಸುಮ್ನೆ ಬಿದ್ದಿದೆ. ಅದರಲ್ಲಿ 5 ಸೆಂಟ್ಸ್ ಸಂಘದ ಕಟ್ಟಡಕ್ಕೆ ಸಿಗುವ ಹಾಗೆ ಪಂಚಾಯತ್ ಒಂದು ನಿರ್ಣಯ ಮಾಡಿ ಮೇಲೆ ಕಳಿಸಬೇಕು ಅಂತ ನಮ್ಮ ಅರ್ಜಿ. ಗ್ರಾಮಸಭೆಯಲ್ಲಿ ಅರ್ಜಿ ಓದಿದರು. ವೇದಿಕೆಯಿಂದ ಬಂದ ಉತ್ತರ ಇಷ್ಟು: "ಸೊಸೈಟಿ ವಿಷಯ ಸಹಕಾರ ಇಲಾಖೆಯದ್ದು. ಪಂಚಾಯತ್‌ಗೂ ಅದಕ್ಕೂ ಎಂತ ಸಂಬಂಧ?" ಮತ್ತೆ ಬೀದಿದೀಪದ ಅರ್ಜಿ ತೆಗೆದರು.

ನಾನು ಆ ಸಂಘದಲ್ಲಿ 31 ವರ್ಷ ಕೆಲಸ ಮಾಡಿದವಳು. 1993ರಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. 1998ರಿಂದ ಕಾರ್ಯದರ್ಶಿ. 2024ರಲ್ಲಿ ನಿವೃತ್ತಿಯಾಯಿತು. ಅಂದು ನಾನು ಎದ್ದು ಉತ್ತರ ಕೊಡಬೇಕಿತ್ತು. ಗಂಟಲು ಕಟ್ಟಿ ಬಂತು, ಕೂತೇ ಇದ್ದೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಯಾರೂ ಅದನ್ನು ಸಂಘ ಅನ್ನುವುದಿಲ್ಲ. ಡಿಪೋ ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು. ಅಷ್ಟು ಹೊತ್ತಿಗೆ ಜಗಲಿಯಲ್ಲಿ ಏಳೆಂಟು ಮಂದಿ ನಿಂತಿರುತ್ತಾರೆ. ಮಳೆಗಾಲದಲ್ಲಿ ಕೊಡೆಯ ನೀರು ಹಾಲಿಗೆ ಬೀಳಬಾರದು ಅಂತ ಪಾತ್ರೆಯ ಬಾಯಿಗೆ ಬಾಳೆಲೆ ಕಟ್ಟಿ ತರುವವರಿದ್ದರು. ಒಬ್ಬರು ಅಜ್ಜಿ ಇದ್ದರು. ಒಂದೇ ದನ. ಬೆಳಿಗ್ಗೆ ಎರಡು ಲೀಟರ್, ಸಂಜೆ ಒಂದೂವರೆ. ಮಗ ತೀರಿಹೋದ ಮೇಲೆ ಆ ದನದ ಮೇಲೇ ಅವರ ಮತ್ತು ಮೊಮ್ಮಗಳ ಊಟ, ಫೀಸು ಎಲ್ಲ ನಿಂತಿತ್ತು. ಬೇರೆಯವರು ಹಾಲು ಅಳೆಸಿ ಚೀಟಿ ತಗೊಂಡು ಹೋಗುತ್ತಾರೆ. ಅಜ್ಜಿ ಮಾತ್ರ ಪರೀಕ್ಷೆಯ ಯಂತ್ರದ ಎದುರು ನಿಂತು ಅಂಕಿ ಬರುವವರೆಗೆ ಕಾಯುತ್ತಿದ್ದರು. ಓದಲು ಬಾರದು. "ಮಗಾ, ಇವತ್ತು ಎಷ್ಟುಂಟು?" ಅನ್ನುತ್ತಿದ್ದರು. ಫ್ಯಾಟ್ 3.9, ಎಸ್‌ಎನ್‌ಎಫ್ 8.3 ಅಂತ ಹೇಳಿದರೆ ಮುಖ ಸಣ್ಣದಾಗುತ್ತಿತ್ತು. ಎಸ್‌ಎನ್‌ಎಫ್ ಎಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ. ಎಸ್‌ಎನ್‌ಎಫ್ 8.5 ಮುಟ್ಟದಿದ್ದರೆ ದರ ಇಳಿಯುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. "ಎಳೆ ಹುಲ್ಲು ಜಾಸ್ತಿಯಾಯಿತು ಅಜ್ಜಿ, ಸ್ವಲ್ಪ ಬೈಹುಲ್ಲು ಸೇರಿಸಿ" ಅನ್ನುತ್ತಿದ್ದೆ. ಬೈಹುಲ್ಲು ತರುವುದು ಎಲ್ಲಿಂದ? ಊರಲ್ಲಿ ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದಿದೆ. ಘಟ್ಟದ ಮೇಲಿಂದ ಲಾರಿಯಲ್ಲಿ ಬರಬೇಕು. ಒಂದು ಲೋಡು ತರಿಸಿ ಕಟ್ಟು ಲೆಕ್ಕದಲ್ಲಿ ಹಂಚುವುದನ್ನೂ ಡಿಪೋ ಮಾಡಿದೆ.

ಈಗ 62 ಮನೆಯವರು ಹಾಲು ಹಾಕುತ್ತಾರೆ. ದಿನಕ್ಕೆ ಹತ್ತಿರ ಹತ್ತಿರ 380 ಲೀಟರ್. ಹಾಲಿನ ದುಡ್ಡು ನೇರ ಅವರವರ ಖಾತೆಗೆ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಖಾತೆಗೇ. ಅರ್ಧಕ್ಕಿಂತ ಜಾಸ್ತಿ ಖಾತೆಗಳು ಹೆಂಗಸರ ಹೆಸರಲ್ಲಿವೆ. ಗಂಡನ ಹತ್ತಿರ ಕೈಚಾಚದೆ ಮಗಳಿಗೆ ಸೈಕಲ್ ಕೊಡಿಸಿದವರು ಇದ್ದಾರೆ. ಕೂಲಿ ಬಿಟ್ಟು ಎರಡು ದನ ಕಟ್ಟಿ ಮನೆಗೆ ಹೆಂಚು ಹಾಕಿಸಿದವರು ಇದ್ದಾರೆ. ಇವರೆಲ್ಲ ಪಂಚಾಯತ್‌ಗೆ ತೆರಿಗೆ ಕಟ್ಟುವವರು, ಓಟು ಹಾಕುವವರು. ಇವರ ಡಿಪೋ ಪಂಚಾಯತ್‌ಗೆ ಸಂಬಂಧ ಇಲ್ಲ ಅಂದರೆ ಮತ್ತೆ ಯಾರಿಗೆ ಸಂಬಂಧ?

ಅಂದು ರಾತ್ರಿ ವಕೀಲಿ ಮಾಡುವ ನನ್ನ ಅಣ್ಣನ ಮಗಳಿಗೆ ಫೋನ್ ಮಾಡಿ ಕೇಳಿದೆ. "ಅತ್ತೆ, ಅವರು ಹೇಳಿದ್ದರಲ್ಲಿ ಅರ್ಧ ಸರಿ" ಅಂದಳು. ಸಂಘಗಳ ನೋಂದಣಿ, ಲೆಕ್ಕ ತಪಾಸಣೆ, ಚುನಾವಣೆ ಎಲ್ಲ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ. ಅದರಲ್ಲಿ ಪಂಚಾಯತ್‌ಗೆ ಅಧಿಕಾರ ಇಲ್ಲ, ಇರಲೂಬಾರದು. ಆದರೆ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಅದರಲ್ಲಿ 4ನೆಯದು ಪಶುಸಂಗೋಪನೆ, ಹೈನುಗಾರಿಕೆ, ಕೋಳಿ ಸಾಕಣೆ. 5ನೆಯದು ಮೀನುಗಾರಿಕೆ. ಹೈನುಗಾರಿಕೆ ಪಂಚಾಯತ್‌ನ ವಿಷಯ, ಆದರೆ ಹಾಲು ಅಳೆಯುವ ಡಿಪೋ ಅಲ್ಲ ಅಂದರೆ ಹೇಗೆ? ಇನ್ನೊಂದು ವಿಷಯವನ್ನೂ ಹೇಳಿದಳು. 2011ರ 97ನೇ ತಿದ್ದುಪಡಿಯಿಂದ 43ಬಿ ಎಂಬ ವಿಧಿ ಸೇರಿತು. ಜನ ತಾವಾಗಿ ಸಹಕಾರಿ ಸಂಘ ಕಟ್ಟುವುದನ್ನು, ಅವು ಸ್ವತಂತ್ರವಾಗಿ ನಡೆಯುವುದನ್ನು ರಾಜ್ಯ ಪ್ರೋತ್ಸಾಹಿಸಲು ಪ್ರಯತ್ನಿಸಬೇಕು ಅಂತ ಅದರ ಅರ್ಥ. ಅದೇ ತಿದ್ದುಪಡಿಯ ಬೇರೆ ಭಾಗವೊಂದನ್ನು 2021ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಸಹಕಾರಿ ಸಂಘಗಳ ಮಟ್ಟಿಗೆ ರದ್ದು ಮಾಡಿತು, ಆದರೆ 43ಬಿ ಹಾಗೇ ಉಳಿದಿದೆ. ಅಲ್ಲಿ "ರಾಜ್ಯ" ಎಂಬ ಮಾತಿನೊಳಗೆ ಸ್ಥಳೀಯ ಸಂಸ್ಥೆಗಳೂ ಬರುತ್ತವಂತೆ. ಪಂಚಾಯತ್, ನಗರಸಭೆ, ಮಹಾನಗರ ಪಾಲಿಕೆ, ಎಲ್ಲವೂ.

ಕಾನೂನು ಇರಲಿ. ನಾನು ಕಣ್ಣಾರೆ ಕಂಡದ್ದು ಇನ್ನೂ ಹತ್ತಿರದ್ದು.

1997ರಲ್ಲಿ ಇದೇ ಪಂಚಾಯತ್ ನಮಗೆ ಒಂದು ಕೋಣೆ ಕೊಟ್ಟಿತ್ತು. ಅದಕ್ಕಿಂತ ಮೊದಲು ಡಿಪೋ ನಡೆಯುತ್ತಿದ್ದದ್ದು ಒಬ್ಬರ ಮನೆಯ ಚಾವಡಿಯಲ್ಲಿ. ಹಳೆ ಬಾಲವಾಡಿಯ ಕೋಣೆ ಖಾಲಿ ಇತ್ತು. ಆಗಿನ ಅಧ್ಯಕ್ಷರು ಸ್ವತಃ ಹಾಲು ಹಾಕುವವರು. ಬೆಳಿಗ್ಗೆ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಒಂದೇ ಸಭೆಯಲ್ಲಿ ನಿರ್ಣಯ ಆಯಿತು. ಮರುವಾರ ಕೀಲಿಕೈ ನಮ್ಮ ಕೈಗೆ ಬಂತು. ಬಾಡಿಗೆ ಹೆಸರಿಗೆ ಮಾತ್ರ. ನಾವು ಸುಣ್ಣ ಬಳಿದೆವು, ನೆಲಕ್ಕೆ ಸಿಮೆಂಟ್ ಹಾಕಿದೆವು, ಕ್ಯಾನ್ ತೊಳೆಯಲು ಹಿಂದೆ ಒಂದು ಕಟ್ಟೆ ಕಟ್ಟಿದೆವು. ಆ ಕೋಣೆಗೆ ಹೋದ ಮೇಲೆ ಹಾಲು ಹಾಕುವ ಮನೆಗಳು 23ರಿಂದ 50 ದಾಟಿದವು. ಯಾಕೆಂದರೆ ಯಾರದ್ದೋ ಮನೆಯ ಅಂಗಳಕ್ಕೆ ಹೋಗಲು ಕೆಲವರಿಗೆ ಸಂಕೋಚ ಇತ್ತು, ಕೆಲವರಿಗೆ ಆ ಅಂಗಳದಲ್ಲಿ ಮರ್ಯಾದೆಯೂ ಸಿಗುತ್ತಿರಲಿಲ್ಲ. ಪಂಚಾಯತ್ ಕೋಣೆ ಎಂದ ಮೇಲೆ ಅದು ಎಲ್ಲರದ್ದು. ಕಾಲೊನಿಯಿಂದ ಮೊದಲ ಸಲ ಐದು ಮನೆಯವರು ಹಾಲು ತಂದರು. ಆ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬಿತ್ತು.

2009ರಲ್ಲಿ ಆ ಹಳೆ ಕಟ್ಟಡ ಕೆಡವಿ ಪಂಚಾಯತ್‌ನ ಹೊಸ ಕಟ್ಟಡ ಆಯಿತು. ಕೆಳಗೆ ಅಂಗಡಿ ಕೋಣೆಗಳು. ಒಂದು ಕೋಣೆ ಡಿಪೋಗೆ ಅಂತ ಬಾಯಿಮಾತಲ್ಲಿ ಹೇಳಿದ್ದರು. ಕೊನೆಗೆ ಎಲ್ಲ ಕೋಣೆಗಳನ್ನೂ ಏಲಂ ಮಾಡಿದರು. ಡಿಪಾಸಿಟ್ ಕಟ್ಟುವ ಶಕ್ತಿ ನಮಗಿರಲಿಲ್ಲ. ಅಲ್ಲಿ ಈಗ ಮೊಬೈಲ್ ಅಂಗಡಿ, ಝೆರಾಕ್ಸ್ ಅಂಗಡಿ ಇವೆ. ಅವರ ಮೇಲೆ ನನಗೆ ಬೇಸರ ಇಲ್ಲ, ಅವರೂ ನಮ್ಮೂರಿನ ಹುಡುಗರೇ. ಆದರೆ ಪಂಚಾಯತ್ ಏಲಂನಲ್ಲಿ ಲೆಕ್ಕ ಹಾಕಿದ್ದು ಕೋಣೆಯ ಬಾಡಿಗೆಯನ್ನು ಮಾತ್ರ. ಅದೇ ಕೋಣೆಯಿಂದ ಊರಿನ ಎಷ್ಟು ಮನೆಗೆ ದುಡ್ಡು ಹೋಗುತ್ತದೆ ಅಂತ ಯಾರೂ ಲೆಕ್ಕ ಹಾಕಲಿಲ್ಲ. ಬಾಡಿಗೆ ಕೋಣೆಗೆ ಬಂದ ಮೇಲೆ ನಮ್ಮನ್ನು ವಾಣಿಜ್ಯ ಅಂತ ಬರೆದುಕೊಂಡರು. ಹಾಲಿನ ಕ್ಯಾನ್ ತೊಳೆಯುವ ನೀರಿಗೆ ಹೋಟೆಲಿನ ದರ. ಹಾಲು ಕೆಡಬಾರದು ಎಂದರೆ ಕ್ಯಾನ್ ದಿನಕ್ಕೆ ಎರಡು ಸಲ ತೊಳೆಯಲೇಬೇಕು. ಈ ನೀರಿನ ಬಿಲ್ಲಿನ ವಿಷಯದಲ್ಲಿ ನಾನು ಕಾರ್ಯದರ್ಶಿಯಾಗಿ ಬರೆದ ಅರ್ಜಿಗಳ ಪ್ರತಿ ಇನ್ನೂ ನನ್ನ ಫೈಲಿನಲ್ಲಿದೆ. ಎಂಟು ಅರ್ಜಿ.

2020ರ ಸೆಪ್ಟೆಂಬರ್ 20ರ ನೆರೆ ಉಡುಪಿಯವರಿಗೆ ಯಾರಿಗೂ ಮರೆಯುವಂಥದ್ದಲ್ಲ. ಭಾನುವಾರ. ಬೆಳಗಾಗುವಾಗ ಎಲ್ಲಿ ನೋಡಿದರೂ ನೀರು. ನಮ್ಮಲ್ಲಿ ತೋಡಿನ ಮೇಲಿನ ಮೋರಿ ಕೊಚ್ಚಿಹೋಯಿತು. ಹಾಲಿನ ವ್ಯಾನ್ ಈಚೆ ಬರಲು ದಾರಿ ಇಲ್ಲ. ಅಷ್ಟು ಮಳೆಯಲ್ಲೂ ಕೆಲವರು ಹಾಲು ಕರೆದು ತಂದಿದ್ದರು. ದನ ಕೆಚ್ಚಲು ಕಟ್ಟಿ ನಿಂತರೆ ಕರೆಯದೆ ಇರಲು ಆಗುತ್ತದಾ? ಮಧ್ಯಾಹ್ನದವರೆಗೆ ಕಾದೆವು. ವ್ಯಾನ್ ಬರಲಿಲ್ಲ, ಕರೆಂಟೂ ಇಲ್ಲ. ಮೂರು ಕ್ಯಾನ್ ಹಾಲು ಹುಳಿ ಬಂತು. ಡಿಪೋ ಹಿಂದಿನ ತೆಂಗಿನ ಬುಡಕ್ಕೆ ನಾನೇ ಹೊಯ್ದೆ. ಅಜ್ಜಿ ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸೋಮವಾರದಿಂದ ಕ್ಯಾನುಗಳನ್ನು ನಾವೇ ಹೊತ್ತೆವು. ತೋಡು ದಾಟಲು ಹುಡುಗರು ಅಡಿಕೆ ಮರದ ಸಂಕ ಹಾಕಿದರು. 40 ಲೀಟರಿನ ಕ್ಯಾನಿಗೆ ಅಡ್ಡ ಕೋಲು ಹಾಕಿ ಇಬ್ಬಿಬ್ಬರು ಹೊರುವುದು. ಸಂಕದ ಮೇಲೆ ಒಬ್ಬೊಬ್ಬರೇ ನಡೆಯಬಹುದಾದ ಕಾರಣ ಅಲ್ಲಿ ಕ್ಯಾನ್ ಇಳಿಸಿ, ಹಾಲನ್ನು ಸಣ್ಣ ಪಾತ್ರೆಗಳಿಗೆ ಸುರಿದು ದಾಟಿಸಿ, ಆಚೆ ಮತ್ತೆ ಕ್ಯಾನಿಗೆ ಹೊಯ್ಯುವುದು. ಕೊರೊನಾ ಸಮಯ, ಮಾಸ್ಕ್ ಬೇರೆ. ಒಂದೆರಡು ದಿನ ಅಲ್ಲ, 47 ದಿನ. ಎರಡು ಸಿಮೆಂಟ್ ಪೈಪ್, ನಾಲ್ಕು ಲೋಡು ಮಣ್ಣಿನ ಕೆಲಸ ಅದು. ಪಂಚಾಯತ್‌ನಲ್ಲಿ ದುಡ್ಡಿಲ್ಲ ಅಂತಲ್ಲ. ನೆರೆಯ ಕೆಲಸಗಳ ಪಟ್ಟಿಯಲ್ಲಿ ನಮ್ಮ ಮೋರಿ ಎಲ್ಲೋ ಕೆಳಗಿತ್ತು. ಆ ದಾರಿಯಲ್ಲಿ ಮನೆಗಳು ಕಡಿಮೆ ಅಂತ ಹೇಳಿದರು. ಆ ದಾರಿಯಲ್ಲಿ ದಿನಕ್ಕೆ ಎರಡು ಸಲ ಊರಿನ ಹಾಲು ಹೋಗುತ್ತದೆ ಎಂಬುದು ಪಟ್ಟಿ ಮಾಡಿದವರಿಗೆ ಕಾಣಲಿಲ್ಲ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಡಿಪೋ ನಮ್ಮ ವಿಷಯ ಅಲ್ಲ ಅಂತ ತಲೆಯಲ್ಲಿ ಕೂತರೆ ಹೀಗೇ ಆಗುವುದು. ಆ 47 ದಿನದಲ್ಲಿ ಆರು ಮನೆಯವರು ಹಾಲು ಹಾಕುವುದನ್ನು ನಿಲ್ಲಿಸಿದರು. ಇಬ್ಬರು ದನ ಮಾರಿದರು. ಮಾರಿದ ದನ ಹಟ್ಟಿಗೆ ವಾಪಸ್ ಬರುವುದಿಲ್ಲ.

ನಮ್ಮ ಕರಾವಳಿಗೆ ಸಹಕಾರ ಹೊಸತಲ್ಲ. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲೇ ಸಹಕಾರಿ ಸಂಘ ಶುರು ಮಾಡಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿತು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾದರೂ ಆ ಬ್ಯಾಂಕ್ ಇವತ್ತಿಗೂ ಎರಡೂ ಜಿಲ್ಲೆಗೆ ಒಂದೇ. ನಮ್ಮ ಹಾಲು ಒಕ್ಕೂಟವೂ ಹಾಗೇ. ಅಡಿಕೆಗೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದರು. ಆಗ ಕರ್ನಾಟಕ, ಕೇರಳ ಎರಡೂ ಸರ್ಕಾರಗಳು ಬೆಂಬಲಕ್ಕೆ ನಿಂತವು. ಮುಂದೆ ಕೊಕ್ಕೋ ಕೊಳ್ಳುವವರಿಲ್ಲದಾಗ ಅದೇ ಸಂಸ್ಥೆ ಕೊಕ್ಕೋ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಮಾಡಿತು. ಹುಟ್ಟುವಾಗ ಬೆನ್ನಿಗೆ ಒಂದು ಕೈ ಇತ್ತು, ಆಮೇಲೆ ಬೆಳೆಗಾರರೇ ನಡೆಸಿದರು.

ಉಡುಪಿಯ ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. 1925ರಲ್ಲಿ ಕೈಮಗ್ಗದವರು ಕಷ್ಟಕ್ಕೆ ಬಿದ್ದಾಗ ಅವರಿಗೆ ಸಾಲ ಕೊಡಲಿಕ್ಕಾಗಿಯೇ ಇಲ್ಲಿ ಒಂದು ಸಂಸ್ಥೆ ಶುರುವಾಯಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಎಂಬ ಸಣ್ಣ ಉಳಿತಾಯ ತಂದರು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ತಗೊಳ್ಳುವುದು. ಅದು ಸಹಕಾರಿ ಸಂಘ ಅಲ್ಲ, ಬ್ಯಾಂಕ್. ಆದರೂ ಬಡವರ ಎರಡಾಣೆಗೆ ಬೆಲೆ ಉಂಟು ಅಂತ ಈ ಊರಿನ ದೊಡ್ಡವರಿಗೆ ಅಂದೇ ಗೊತ್ತಿತ್ತು ಅಲ್ವಾ? ಅಜ್ಜಿಯ ಎರಡು ಲೀಟರ್ ಹಾಲಿಗೂ ಅದೇ ಲೆಕ್ಕ.

ಕೈಮಗ್ಗದ ಮಾತು ಬಂದದ್ದರಿಂದ ಹೇಳುತ್ತೇನೆ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ನಿಂತೇಹೋಗುತ್ತದೆ ಅನ್ನುವ ಹಂತಕ್ಕೆ ಬಂದು ಮತ್ತೆ ಚಿಗುರಿದೆ. ಹೊಸಬರು ಮಗ್ಗಕ್ಕೆ ಕೂತಿದ್ದಾರೆ. ಇನ್ನು ನಮ್ಮ ಪಂಚಾಯತ್, ನಗರಸಭೆಗಳ ಕಾರ್ಯಕ್ರಮ ನೋಡಿ. ವೇದಿಕೆಯಲ್ಲಿ ಹತ್ತು ಮಂದಿ ಇದ್ದರೆ ಹತ್ತು ಶಾಲು, ಹತ್ತು ಹಾರ, ಹತ್ತು ಸ್ಮರಣಿಕೆ. ಶಾಲು ಪಾಲಿಯೆಸ್ಟರಿನದ್ದು, ಒಗೆದರೆ ಮೈ ಒರೆಸಲಿಕ್ಕೂ ಆಗುವುದಿಲ್ಲ. ನನ್ನ ನಿವೃತ್ತಿಗೆ ಹಾಕಿದ್ದೂ ಅಂಥದ್ದೇ. ಪ್ರೀತಿಯಿಂದ ಹಾಕಿದರು, ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಆದರೆ ಅದರ ಬದಲು ನೇಕಾರರ ಸಂಘದ ಒಂದು ಹತ್ತಿಯ ಬೈರಾಸು ಹೊದಿಸಿದ್ದರೆ ದಿನಾ ಉಪಯೋಗಿಸುತ್ತಿದ್ದೆ. ಎರಡೂ ಜಿಲ್ಲೆಯ ಎಲ್ಲ ಪಂಚಾಯತ್, ನಗರಸಭೆ, ಪಾಲಿಕೆಗಳು ವರ್ಷಕ್ಕೆ ಬೇಕಾದ ಶಾಲಿನ ಲೆಕ್ಕ ಮೊದಲೇ ಹಾಕಿ ಕೈಮಗ್ಗದ ಸಂಘಗಳಿಂದ ಕೊಂಡರೆ ಎಷ್ಟು ಮಗ್ಗಕ್ಕೆ ಕೆಲಸ ಸಿಗುತ್ತದೆ! ಇದಕ್ಕೆ ಹೊಸ ಯೋಜನೆ ಬೇಡ. ಈಗ ಖರ್ಚಾಗುತ್ತಿರುವ ದುಡ್ಡೇ ಸಾಕು.

ಮಗಳು ಪುಣೆಯಲ್ಲಿದ್ದಾಳೆ. ಹೋದ ವರ್ಷ ಎರಡು ತಿಂಗಳು ಅಲ್ಲಿದ್ದೆ. ಬೆಳಿಗ್ಗೆ ಕಸ ತಗೊಳ್ಳಲು ಒಬ್ಬರು ಹೆಂಗಸು ಬರುತ್ತಿದ್ದರು. ಮೈಮೇಲೆ ಕೋಟು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಗಾಡಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡದಿದ್ದರೆ ಬಾಗಿಲಲ್ಲೇ ನಿಂತು ಮಗಳಿಗೆ ಹೇಳುತ್ತಿದ್ದರು, ಹೆದರಿಕೆ ಇಲ್ಲದೆ. ಅವರು ಯಾರ ಕೂಲಿಯವರೂ ಅಲ್ಲ, "ಸ್ವಚ್ಛ" ಎಂಬ ಸಹಕಾರಿ ಸಂಘದ ಸದಸ್ಯೆ ಅಂತ ಮಗಳು ಹೇಳಿದಳು. ಬೀದಿಯಲ್ಲಿ ಕಸ ಆಯುತ್ತಿದ್ದವರೇ ಸೇರಿ ಕಟ್ಟಿದ ಸಂಘ ಅದು. 2008ರಲ್ಲಿ ಪುಣೆ ಮಹಾನಗರ ಪಾಲಿಕೆ ಅದರ ಜೊತೆ ಒಪ್ಪಂದ ಮಾಡಿಕೊಂಡಿತು. ಮನೆಯವರು ತಿಂಗಳಿಗೆ ಶುಲ್ಕ ಕೊಡುತ್ತಾರೆ. ಒಣ ಕಸ ಮಾರಿದ ದುಡ್ಡೂ ಅವರಿಗೇ. ಅಲ್ಲೂ ಒಪ್ಪಂದ ನವೀಕರಣಕ್ಕೆ ಪರದಾಡಿದ್ದುಂಟಂತೆ. ಆದರೂ ಒಂದು ದೊಡ್ಡ ಪಾಲಿಕೆ ಕಂಪೆನಿಯ ಜೊತೆ ಮಾಡುವ ಹಾಗೆ ಕಸ ಆಯುವ ಹೆಂಗಸರ ಜೊತೆ ಕೂತು ಕಾಗದಕ್ಕೆ ಸಹಿ ಹಾಕಿತು. ಅದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು.

ನಮ್ಮಲ್ಲೂ ಒಳ್ಳೆಯದು ಆಗುತ್ತಿದೆ. ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಸಾಮರ್ಥ್ಯದ ಘಟಕ ಇದೆ. ಸುತ್ತಲಿನ ಪಂಚಾಯತ್‌ಗಳ ಕಸ ಅಲ್ಲಿಗೆ ಹೋಗುತ್ತದೆ. ಹಲವು ಕಡೆ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಂಗಸರೇ ಕಸದ ಗಾಡಿ ಸ್ವಚ್ಛ ವಾಹಿನಿ ಓಡಿಸುತ್ತಾರೆ. ಪಂಚಾಯತ್ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಅವರಲ್ಲಿ ನನಗೆ ಗೊತ್ತಿರುವ ಒಬ್ಬಳು ಹೇಳುವುದು ಒಂದೇ ದೂರು: "ಕೆಲಸ ಕೊಟ್ಟರು ಅಕ್ಕ, ಸಂಬಳ ತಿಂಗಳು ತಿಂಗಳು ಸರಿಯಾಗಿ ಆಗುವುದಿಲ್ಲ." ಗುತ್ತಿಗೆದಾರನಾದರೆ ಬಿಲ್ಲಿಗೆ ಆರು ತಿಂಗಳು ಕಾಯುತ್ತಾನೆ, ಕೈಯಲ್ಲಿ ಬೇರೆ ದುಡ್ಡಿರುತ್ತದೆ. ಹೆಂಗಸರ ಸಂಘಕ್ಕೆ ಎರಡು ತಿಂಗಳು ಬಿಲ್ ನಿಂತರೆ ಸಂಘವೇ ನಿಲ್ಲುತ್ತದೆ. ಕೆಲಸ ಕೊಡುವವರು ಬಿಲ್ಲನ್ನೂ ಆ ತಿಂಗಳೇ ಪಾಸ್ ಮಾಡಬೇಕು. ಮೀನು ಮಾರುವ ಹೆಂಗಸರ ಮಾರುಕಟ್ಟೆ, ಕಳ್ಳು ಇಳಿಸುವ ಮೂರ್ತೆದಾರರ ಸಂಘ, ಇವರ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ. ಅವರೂ ಬರೆಯಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ಪಂಚಾಯತ್ ಸಹಾಯ ಮಾಡಲಿ ಎಂದರೆ ಡಿಪೋ ಒಳಗೆ ಬಂದು ಕೂರಲಿ ಅಂತ ಅರ್ಥ ಅಲ್ಲ. ನಾನು ಕಾರ್ಯದರ್ಶಿಯಾಗಿದ್ದಾಗ ಒಬ್ಬ ಪಂಚಾಯತ್ ಸದಸ್ಯರು ತಮ್ಮ ಸಂಬಂಧಿಕರ ಹುಡುಗನಿಗೆ ಹಾಲು ಪರೀಕ್ಷೆಯ ಕೆಲಸ ಕೊಟ್ಟರೆ ಜಾಗದ ಕೆಲಸ ಮಾಡಿಕೊಡುತ್ತೇನೆ ಅಂದಿದ್ದರು. ನಮ್ಮ ಆಡಳಿತ ಮಂಡಳಿ ಒಪ್ಪಲಿಲ್ಲ. ಜಾಗವೂ ಆಗಲಿಲ್ಲ. ಒಪ್ಪದಿದ್ದದ್ದು ಸರಿ ಅಂತ ಇವತ್ತಿಗೂ ಹೇಳುತ್ತೇನೆ. ಹಾಲು ಪರೀಕ್ಷೆ ಮಾಡುವವನು ಒಬ್ಬರ ಕಡೆಯವನು ಆದರೆ ಯಂತ್ರದ ಅಂಕಿಯನ್ನು ಯಾರೂ ನಂಬುವುದಿಲ್ಲ. ಆ ನಂಬಿಕೆ ಹೋದರೆ ಕಟ್ಟಡ ಎಷ್ಟು ಚೆನ್ನಾಗಿದ್ದರೆ ಏನು ಪ್ರಯೋಜನ?

ನಮ್ಮ ಕಡೆಯದ್ದೂ ತಪ್ಪಿದೆ. ಸಂಘಗಳನ್ನು ಸ್ವಂತ ಆಸ್ತಿ ಮಾಡಿಕೊಂಡ ನಿರ್ದೇಶಕರಿದ್ದಾರೆ. ಸೆಪ್ಟೆಂಬರ್ 25ರೊಳಗೆ ಮಹಾಸಭೆ ಮಾಡಬೇಕು ಅಂತ ಮಾಡುತ್ತಾರೆ, ಲೆಕ್ಕ ಓದುವಾಗ ಊಟಕ್ಕೆ ಎಲೆ ಹಾಕಿಸುತ್ತಾರೆ. ನನ್ನ ಅಪ್ಪ ಒಂದು ದೊಡ್ಡ ಸಹಕಾರಿಗೆ ಷೇರು ಹಾಕಿದ್ದರು. ಅದು ಮುಚ್ಚಿತು. ಷೇರು ಪತ್ರ ಇನ್ನೂ ಮನೆಯ ಪೆಟ್ಟಿಗೆಯಲ್ಲಿದೆ. ಹಾಗಾಗಿ ಪಂಚಾಯತ್ ಕೇಳಲಿ: ಲೆಕ್ಕ ತಪಾಸಣೆ ಆಗಿದೆಯಾ? ಮಹಾಸಭೆ ನಡೆದಿದೆಯಾ? ಸದಸ್ಯರ ಪಟ್ಟಿ ಎಲ್ಲಿ? ಅದನ್ನು ನೋಡಿ ಸಹಾಯ ಮಾಡಲಿ. ನಮ್ಮ ಪುಸ್ತಕಗಳನ್ನು ನಾವು ನಾಳೆಯೇ ಗ್ರಾಮಸಭೆಯ ಮೇಜಿನ ಮೇಲೆ ಇಡುತ್ತೇವೆ.

ನಮಗೆ ಬೇಕಾದದ್ದು ದೊಡ್ಡದೇನಲ್ಲ. ಜಾಗಕ್ಕೆ ಒಂದು ನಿರ್ಣಯ. ಕ್ಯಾನ್ ತೊಳೆಯುವ ನೀರಿಗೆ ಮನೆಯ ದರ. ಮಳೆಗಾಲದ ಮುಂಚೆ ರಸ್ತೆ, ಮೋರಿಗಳ ಪಟ್ಟಿ ಮಾಡುವಾಗ ಹಾಲಿನ ವ್ಯಾನ್ ಹೋಗುವ ದಾರಿಗೊಂದು ಗುರುತು. ಉದ್ಯೋಗ ಖಾತರಿಯಲ್ಲಿ ಹಟ್ಟಿ ಕಟ್ಟಿಕೊಳ್ಳಲು ಅವಕಾಶ ಇದೆ, ಅದರ ಫಲಾನುಭವಿಗಳ ಪಟ್ಟಿ ಮಾಡುವಾಗ ಡಿಪೋದವರನ್ನೂ ಒಮ್ಮೆ ಕೇಳಬೇಕು. ಯಾರ ಹಟ್ಟಿ ಸೋರುತ್ತದೆ ಅಂತ ನಮಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತು? ಹಡಿಲು ಬಿದ್ದ ಗದ್ದೆಯ ಮಾಲೀಕರನ್ನು ಕರೆಸಿ ಮಾತಾಡಿ, ಎರಡು ಎಕರೆ ಹಸಿರು ಹುಲ್ಲು ಬೆಳೆಯಲು ಡಿಪೋಗೆ ಕೊಡಿಸಿದರೆ ಇನ್ನೂ ಒಳ್ಳೆಯದು. ಮಾಲೀಕರು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ. ನಾವು ಫೋನ್ ಮಾಡಿದರೆ ಎತ್ತುವುದಿಲ್ಲ. ಜಾಗ ಹೋಗುತ್ತದೋ ಅಂತ ಹೆದರಿಕೆ. ಪಂಚಾಯತ್ ನಡುವೆ ನಿಂತರೆ ಅವರಿಗೂ ಧೈರ್ಯ.

ನಮ್ಮ ಪಂಚಾಯತ್‌ನ ಸದಸ್ಯೆಯರಲ್ಲಿ ಇಬ್ಬರು ಡಿಪೋಗೆ ಹಾಲು ಹಾಕುವವರು. ಅಂದು ವೇದಿಕೆಯಲ್ಲಿ ಅವರೂ ಸುಮ್ಮನಿದ್ದರು. ಮರುದಿನ ಬೆಳಿಗ್ಗೆ ಹಾಲು ತಂದಾಗ ಅದರಲ್ಲಿ ಒಬ್ಬರು ತಲೆ ತಗ್ಗಿಸಿ, "ನನಗೆ ಆ ಕಾನೂನು ಎಲ್ಲ ಗೊತ್ತಿರಲಿಲ್ಲ ಅಕ್ಕ, ಇಲ್ಲದಿದ್ದರೆ ಮಾತಾಡುತ್ತಿದ್ದೆ" ಅಂದರಂತೆ, ಈಗಿನ ಕಾರ್ಯದರ್ಶಿಯ ಹತ್ತಿರ. ತಂಗಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅಂದು ಮಾತಾಡಲಿಲ್ಲ. 11ನೇ ಅನುಸೂಚಿ, 4ನೇ ವಿಷಯ. ಈ ಪತ್ರ ಅಚ್ಚಾದರೆ ಕತ್ತರಿಸಿ ಇಟ್ಟುಕೊ.

ಮಾಲೀಕರು ಮೇ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಕ್ಯಾನುಗಳನ್ನು ಇಡಲು ಜಗಲಿಯೂ ಇರುವುದಿಲ್ಲ. ಅರ್ಜಿಯನ್ನು ಹೊಸದಾಗಿ ಬರೆದಿದ್ದೇವೆ. 62 ಮನೆಯವರ ಸಹಿ ಆಗಿದೆ. ಅಜ್ಜಿ ಈಗ ಇಲ್ಲ. ಅವರ ಮೊಮ್ಮಗಳು ಪಿಯುಸಿ ಮುಗಿಸಿ ಮನೆಯಲ್ಲೇ ಎರಡು ದನ ಸಾಕುತ್ತಿದ್ದಾಳೆ. ಪಟ್ಟಿಯಲ್ಲಿ 17ನೇ ಸಹಿ ಅವಳದ್ದು. ಮುಂದಿನ ಗ್ರಾಮಸಭೆಗೆ ಸಂಜೆಯ ಹಾಲು ಅಳೆದ ಕೂಡಲೇ ನಾವೆಲ್ಲ ಒಟ್ಟಿಗೆ ಬರುತ್ತೇವೆ. ಈ ಸಲ ಅರ್ಜಿ ಓದುವುದು ನಾನು.

ಇಂತಿ,
ಹಾಲು ಉತ್ಪಾದಕರ ಸಂಘವೊಂದರ ನಿವೃತ್ತ ಕಾರ್ಯದರ್ಶಿ
ಉಡುಪಿ ತಾಲೂಕು
(ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಪತ್ರಿಕೆಯಲ್ಲಿ ಹಾಕುವುದು ಬೇಡ.)